ಪಹಣಿ ಇಲ್ಲದವನಿಗೆ ಹೊಣೆ ಯಾರು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ನ್ಯಾಯಾಲಯಗಳಿಗೆ ಪಹಣಿ ಹಿಡಿದು ಬರುವ ರೈತ ಯಾರಿಗೋ ಜಾಮೀನು ನಿಲ್ಲಲು ಬಂದಿರಬಹುದು. ಅಮೆರಿಕದಲ್ಲಿ ಶುಲ್ಕ ಪಡೆದು ಹೊಣೆ ಹೊರುವ ಕಂಪೆನಿಗಳಿವೆ. ನಮ್ಮಲ್ಲಿ ನೆಂಟರೋ ನೆರೆಯವರೋ ನಿಲ್ಲಬೇಕು. ಆರೋಪಿ ತಲೆಮರೆಸಿಕೊಂಡರೆ ಬಾಂಡಿನ ಹಣ ಅವರ ತಲೆಗೇ.

ಜಮೀನಿಲ್ಲದವನ ಗತಿ? ಮಧ್ಯಪ್ರದೇಶದ ಗಾರೆ ಕೆಲಸಗಾರ ಮೋತಿ ರಾಮ್‌ಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿ ಜಾಮೀನು ಕೇಳಿದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಹೊಣೆಯನ್ನೂ ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಖಂಡಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಬಿಡುಗಡೆಗೆ ಆದೇಶಿಸಿದರು.

ಜಾಮೀನು ಸಿಗುವಂಥ ಅಪರಾಧಗಳಲ್ಲಿ ವಾರದೊಳಗೆ ಹೊಣೆಗಾರ ಸಿಗದವನನ್ನು ಬಡವನೆಂದೇ ಭಾವಿಸಿ, ಸ್ವಂತ ಮುಚ್ಚಳಿಕೆ ಮೇಲೆ ಬಿಡಬೇಕೆಂಬ ನಿಯಮ 2006ರಲ್ಲಿ ಬಂತು. 2024ರ ಜುಲೈ 1ರಂದು ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಈ ನಿಯಮ ಅರಿಯದ ಬಡವ ಮಾತ್ರ ಇಂದಿಗೂ ಪಹಣಿಗಾಗಿ ಕಾಯುತ್ತಾನೆ.