ಭಾಷೆ – ಉಪಭಾಷೆ: ಬಡಗ ನುಡಿಯ ನಿದರ್ಶನ

ಒಂದು ನುಡಿಯನ್ನು ಭಾಷೆಯೆಂದೋ ಉಪಭಾಷೆಯೆಂದೋ ನಿರ್ಣಯಿಸಲು ಪರಸ್ಪರ ಗ್ರಾಹ್ಯತೆ, ವ್ಯಾಕರಣಸಾಮ್ಯ, ಲಿಪಿ, ಸಾಹಿತ್ಯ ಇವೇ ಮೊದಲಾದ ಮಾನದಂಡಗಳನ್ನು ವಿದ್ವಾಂಸರು ಬಳಸುತ್ತ ಬಂದಿದ್ದಾರೆ. ಇವು ಒಂದೇ ಉತ್ತರವನ್ನು ನೀಡುವುದಿಲ್ಲ ಎಂಬುದಕ್ಕೆ ನೀಲಗಿರಿಯ ಬಡಗ ನುಡಿ ಉತ್ತಮ ನಿದರ್ಶನ.

'ಬಡಗ' ಎಂದರೆ ಉತ್ತರ ದಿಕ್ಕು. ಮೈಸೂರು ಸೀಮೆಯಿಂದ ಬೆಟ್ಟವನ್ನೇರಿದವರೆಂಬ ಸಮುದಾಯದ ಐತಿಹ್ಯವನ್ನು ಈ ಹೆಸರೇ ಸಮರ್ಥಿಸುತ್ತದೆ. ಬಡಗರು ತಮ್ಮ ಊರನ್ನು 'ಹಟ್ಟಿ' ಎನ್ನುತ್ತಾರೆ. ಹಳಗನ್ನಡದ 'ಪಟ್ಟಿ' ಇಲ್ಲಿ ಹಕಾರವನ್ನು ಪಡೆದಿದೆ. ಈ ಪಕಾರ-ಹಕಾರ ವ್ಯತ್ಯಯವು ಸುಮಾರು 10ನೆಯ ಶತಮಾನದಿಂದ ಕನ್ನಡ ಶಾಸನಗಳಲ್ಲಿ ತೋರತೊಡಗಿ ಕ್ರಮೇಣ ವ್ಯಾಪಿಸಿತು. ಆದ್ದರಿಂದ ಬಡಗವು ಕನ್ನಡದಿಂದ ಕವಲೊಡೆದುದು ಈ ಬದಲಾವಣೆ ನೆಲೆಗೊಂಡ ಬಳಿಕವೇ ಎಂದು ಊಹಿಸಬಹುದು.

ಕಾಲ್ಡ್‌ವೆಲ್ ಅವರು ಬಡಗವನ್ನು ಕನ್ನಡದ ಪ್ರಾಚೀನ ಉಪಭಾಷೆಯೆಂದು ಗಣಿಸಿ ಅದಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಡಲಿಲ್ಲ. ಆದರೆ 1939ರಲ್ಲಿ ಎಮೆನೊ ಅವರು ಈ ನುಡಿಯ ಸ್ವರಗಳನ್ನು ವಿಶ್ಲೇಷಿಸಿ, ನಾಲಿಗೆಯನ್ನು ಮೇಲಕ್ಕೆ ಮಡಿಚಿ ಉಚ್ಚರಿಸುವ ಮೂರ್ಧನ್ಯ ಸ್ವರಗಳು ಅದರಲ್ಲಿರುವುದನ್ನು ತೋರಿಸಿದರು. ಕನ್ನಡದಲ್ಲಿ ಇಂಥ ಸ್ವರಗಳಿಲ್ಲ. 1992ರಲ್ಲಿ ಹಾಕಿಂಗ್ಸ್ ಮತ್ತು ಪೈಲಟ್-ರೈಚೂರ್ ಅವರ ಬಡಗ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು.

ಆದರೂ 2011ರ ಜನಗಣತಿಯು ಸುಮಾರು 1.33 ಲಕ್ಷ ಬಡಗ ಮಾತೃಭಾಷಿಕರನ್ನು ಕನ್ನಡದ ಅಡಿಯಲ್ಲಿಯೇ ಸೇರಿಸಿದೆ. ಅದೇ ಗಣತಿಯಲ್ಲಿ ಸುಮಾರು 1.14 ಲಕ್ಷ ಭಾಷಿಕರ ಕೊಡವವು ಸ್ವತಂತ್ರ ಭಾಷೆಯಾಗಿದೆ. ಅಂದರೆ ಭಾಷಿಕರ ಸಂಖ್ಯೆ ಇಲ್ಲಿ ನಿರ್ಣಾಯಕವಲ್ಲ. ಕೊಡವವು ವಂಶಾವಳಿಯಲ್ಲಿ ತಮಿಳು-ಮಲಯಾಳಗಳಿಗೆ ಸಮೀಪವಾದುದರಿಂದ ಅದರ ಪ್ರತ್ಯೇಕತೆ ಸಾಧುವೇ ಸರಿ. ಬಡಗದ ವಿಷಯದಲ್ಲಿ ಅದೇ ವಂಶಾವಳಿ ಪ್ರತಿಕೂಲವಾಗಿದೆ.

ಇಲ್ಲಿ 'ಉಪಭಾಷೆ' ಎಂಬ ಪದದ ಎರಡು ಅರ್ಥಗಳನ್ನು ಬೇರ್ಪಡಿಸಬೇಕು. ಒಂದು ವಂಶಸಂಬಂಧ, ಇನ್ನೊಂದು ಅಧೀನತೆ. ಬಡಗ ಮತ್ತು ಇಂದಿನ ಕನ್ನಡ ಒಂದೇ ಪೂರ್ವರೂಪದಿಂದ ಹೊರಟ ಎರಡು ಕವಲುಗಳು; ಒಂದು ಇನ್ನೊಂದರ ವಿಕೃತರೂಪವಲ್ಲ. ಸಂಬಂಧವನ್ನು ಅಧೀನತೆಯೆಂದು ಭಾವಿಸಿದುದರ ಪರಿಣಾಮ ಲಘುವಾದುದಲ್ಲ. ತಮಿಳುನಾಡಿನಲ್ಲಿರುವ ಬಡಗರ ಮಕ್ಕಳು ತಮಿಳು, ಇಂಗ್ಲಿಷುಗಳಲ್ಲಿ ಕಲಿಯುತ್ತಾರೆ. ಗಣತಿಯ ಭಾಷಾಪಟ್ಟಿಯಲ್ಲಿ ಅವರು ಕನ್ನಡಿಗರು, ಶಾಲೆಯಲ್ಲಿ ಅಲ್ಲ. ಕನ್ನಡದ ಚರಿತ್ರೆಯನ್ನು ಬರೆಯುವವರು ಬಡಗವನ್ನು ತಮ್ಮದೆಂದು ಎಣಿಸುವಾಗ, ಅದರ ಸ್ವಂತ ಬೆಳವಣಿಗೆಯನ್ನೂ ದಾಖಲಿಸುವ ಹೊಣೆಯನ್ನು ಹೊರಬೇಕಾಗುತ್ತದೆ.