ಎಪಿಐ ಕೀ: ರೇಷನ್ ಕಾರ್ಡೋ, ಬೀಗದ ಕೈಯೋ?

ಪೈಥಾನ್‌ನಲ್ಲಿ ಒಂದು ಪುಟ್ಟ ವೆಬ್ ಎಪಿಐ ಬರೆಯೋದು ಈಗ ತುಂಬಾ ಸುಲಭ. ಫ್ಲಾಸ್ಕ್ ಹಾಕ್ಕೊಂಡು ಹತ್ತಿಪ್ಪತ್ತು ಸಾಲು ಬರೆದರೆ ಆಯ್ತು. "ಕೀ ತೋರಿಸಿದವರಿಗೆ ಮಾತ್ರ ಉತ್ತರ ಕೊಡು" ಅಂತ ಇನ್ನೆರಡು ಸಾಲು ಸೇರಿಸಿ, ಇನ್ನು ಚಿಂತೆಯಿಲ್ಲ ಅಂತ ನಿದ್ದೆ ಮಾಡೋ ಸಾಫ್ಟ್‌ವೇರ್ ಮಂದಿ ಬಹಳ ಇದ್ದಾರೆ. ಆದರೆ ವೆಬ್‌ನಲ್ಲಿ ಈ ಕೀ ಮನೆಮಾತಾಗಿದ್ದು ಬೀಗ ಹಾಕೋಕಿಂತ ಹೆಚ್ಚಾಗಿ ಲೆಕ್ಕ ಇಡೋಕೆ! ಅದರ ಕಥೆ ಕೇಳಿ...

ಎಪಿಐ ಅಂದರೆ ಜನರಿಗಲ್ಲ, ಪ್ರೋಗ್ರಾಮುಗಳಿಗೆ ಅಂತಲೇ ಇಟ್ಟ ಕೌಂಟರ್. 2000ನೇ ಇಸವಿಯಲ್ಲಿ ಸೇಲ್ಸ್‌ಫೋರ್ಸ್, ಈಬೇ ಇಂಥ ಕೌಂಟರ್ ತೆರೆದವು. 2002ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಹುಡುಕಾಟವನ್ನೂ ಹೀಗೆ ಕೊಡಲು ಶುರು ಮಾಡಿತು. ಹೆಸರು ನೋಂದಾಯಿಸಿದವರಿಗೆ ಒಂದು ಕೀ, ಒಂದು ಕೀಗೆ ದಿನಕ್ಕೆ 1000 ಪ್ರಶ್ನೆ. ಹುಡುಕಾಟದ ಉತ್ತರದಲ್ಲಿ ಗುಟ್ಟೇನಿದೆ ಹೇಳಿ? ಅದು ಎಲ್ಲರಿಗೂ ತೆರೆದೇ ಇತ್ತು. ಯಾರು ಎಷ್ಟು ಕೇಳಿದರು ಅನ್ನೋದಷ್ಟೇ ಬೇಕಿತ್ತು. ಥೇಟ್ ನಮ್ಮ ರೇಷನ್ ಕಾರ್ಡ್! (2006ರ ಡಿಸೆಂಬರ್‌ನಲ್ಲಿ ಹೊಸ ಕೀ ಕೊಡೋದು ನಿಲ್ಲಿಸಿದರು, 2009ರಲ್ಲಿ ಕೌಂಟರೇ ಮುಚ್ಚಿತು.)

2005ರಲ್ಲಿ ಇನ್ನೊಂದು ತಮಾಷೆ. ಪಾಲ್ ರಾಡೆಮಾಕರ್ ಎಂಬ ಪ್ರೋಗ್ರಾಮರ್ ಕ್ರೇಗ್ಸ್‌ಲಿಸ್ಟ್‌ನ ಬಾಡಿಗೆ ಮನೆ ಜಾಹೀರಾತುಗಳನ್ನು ಗೂಗಲ್ ನಕ್ಷೆಯ ಮೇಲೆ ಕೂರಿಸಿಬಿಟ್ಟ. ಆಗಿನ್ನೂ ನಕ್ಷೆಗೆ ಎಪಿಐ ಇರಲಿಲ್ಲ, ಒಳಗಿನ ಕೋಡ್ ಬಿಡಿಸಿ ನೋಡಿ ಮಾಡಿದ್ದ. ಅದೇ ಜೂನ್‌ನಲ್ಲಿ ಗೂಗಲ್ ಅಧಿಕೃತ ಎಪಿಐ ಕೊಟ್ಟಿತು. ಅದರ ಕೀ ಇರುತ್ತಿದ್ದದ್ದು ವೆಬ್ ಪುಟದ ಸೋರ್ಸ್‌ನಲ್ಲೇ, ಯಾರು ಬೇಕಾದರೂ ನೋಡಬಹುದಿತ್ತು. ಅದು ಆ ತಾಣದ ವಿಳಾಸಕ್ಕೆ ಮಾತ್ರ ಸೀಮಿತವಾಗಿತ್ತು ಅಷ್ಟೇ.

ಕಥೆ ತಿರುಗಿದ್ದು 2006ರ ಮಾರ್ಚ್‌ನಲ್ಲಿ. ಅಮೆಜಾನ್ ತನ್ನ ಎಸ್3 ಶುರು ಮಾಡಿತು, ಒಂದು ಜಿಬಿ ಇಡಲು ತಿಂಗಳಿಗೆ 15 ಸೆಂಟ್. ಈಗ ಕೀ ಹಿಂದೆ ದುಡ್ಡೂ ಇದೆ, ಜನರ ಮಾಹಿತಿಯೂ ಇದೆ. ಹಾಗಾಗಿ ಎರಡು ತುಂಡು ಕೊಟ್ಟರು: ಒಂದು ಗುರುತಿನದು, ಇನ್ನೊಂದು ಗುಟ್ಟಿನದು. ಗುಟ್ಟಿನದನ್ನು ಕಳಿಸುವಂತೆಯೇ ಇಲ್ಲ. ಅದನ್ನು ಬಳಸಿ ಕೋರಿಕೆಗೆ ಒಂದು ಸಹಿ ಲೆಕ್ಕ ಹಾಕಿ, ಸಹಿಯನ್ನಷ್ಟೇ ಕಳಿಸಬೇಕು. ಆ ಕಡೆ ಸರ್ವರ್ ಕೂಡ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತೆ. ಈ ವಿಧಾನದ ಹೆಸರು ಎಚ್‌ಮ್ಯಾಕ್, 1997ರಲ್ಲೇ ಆರ್‌ಎಫ್‌ಸಿ 2104 ಆಗಿ ಪ್ರಕಟವಾಗಿತ್ತು.

ಅಂದರೆ ಒಂದು ರೇಷನ್ ಕಾರ್ಡ್, ಇನ್ನೊಂದು ಬೀಗದ ಕೈ. ದುರದೃಷ್ಟಕ್ಕೆ ಎರಡಕ್ಕೂ ಹೆಸರು "ಕೀ"! ಎರಡನೆಯದನ್ನೂ ಮೊದಲನೆಯದರ ಹಾಗೆ ಕೋಡ್‌ನಲ್ಲೇ ಬರೆದಿಡೋ ಚಾಳಿ ಬೆಳೆಯಿತು. 2016ರಲ್ಲಿ ಊಬರ್‌ಗೆ ಆದದ್ದು ಅದೇ. ಗಿಟ್‌ಹಬ್‌ನಲ್ಲಿ ಕಂಪನಿಯ ಖಾಸಗಿ ಕೋಡ್ ಒಳಗೆ ಅಮೆಜಾನ್ ಕೀ ಸಿಕ್ಕಿತು, 5.7 ಕೋಟಿ ಜನರ ಮಾಹಿತಿ ಕಳ್ಳರ ಕೈಗೆ ಹೋಯಿತು. ಲೋಕಕ್ಕೆ ಗೊತ್ತಾಗಿದ್ದು 2017ರ ನವೆಂಬರ್‌ನಲ್ಲಿ. ಅಲ್ಲಿ ಯಾರೂ ಬೀಗ ಒಡೆಯಲಿಲ್ಲ, ಬೀಗದ ಕೈ ಕೋಡ್‌ನಲ್ಲೇ ನೇತಾಡುತ್ತಿತ್ತು. 2019ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಹುಡುಕಿದಾಗ, ಗಿಟ್‌ಹಬ್‌ನ ಒಂದು ಲಕ್ಷಕ್ಕೂ ಹೆಚ್ಚು ರೆಪೊಸಿಟರಿಗಳಲ್ಲಿ ಹೀಗೆ ಗುಟ್ಟುಗಳು ಬಯಲಾಗಿದ್ದವು.

ಪೈಥಾನ್ ಕೂಡ ಈ ದಾರಿಯಲ್ಲಿ ಪಾಠ ಕಲಿಯುತ್ತಾ ಬಂದಿದೆ. ಎರಡು ಪದಗಳನ್ನು ಮಾಮೂಲಿ "ಸಮವೇ?" ಅಂತ ಹೋಲಿಸಿದರೆ, ಮೊದಲ ತಪ್ಪು ಅಕ್ಷರಕ್ಕೇ ನಿಂತುಬಿಡಬಹುದು. ಆ ಸಮಯದ ವ್ಯತ್ಯಾಸ ಅಳೆದೇ ಕೀಯನ್ನು ಊಹಿಸುವವರಿದ್ದಾರೆ! ಅದಕ್ಕೆಂದೇ 2012ರ 3.3 ಆವೃತ್ತಿಯಲ್ಲಿ ಕಂಪೇರ್_ಡೈಜೆಸ್ಟ್ ಬಂತು. ಊಹಿಸಲಾಗದ ಕೀ ಹುಟ್ಟಿಸಲು 2016ರ 3.6ರಲ್ಲಿ ಸೀಕ್ರೆಟ್ಸ್ ಮಾಡ್ಯೂಲ್ ಬಂತು, ಏಕೆಂದರೆ ರ‍್ಯಾಂಡಮ್ ಮಾಡ್ಯೂಲ್ ಭದ್ರತೆಗಾಗಿ ಮಾಡಿದ್ದಲ್ಲ. ಉಳಿದದ್ದು ನಮ್ಮ ಕೈಲಿದೆ: ಕೀಯನ್ನು ಯುಆರ್‌ಎಲ್‌ನಲ್ಲಿ ಕಳಿಸಬೇಡಿ, ಅದು ಲಾಗ್ ಫೈಲುಗಳಲ್ಲಿ ಉಳಿದುಬಿಡುತ್ತೆ. ಎಚ್‌ಟಿಟಿಪಿಎಸ್ ಮೇಲೆ ಹೆಡರ್‌ನಲ್ಲಿ ಕಳಿಸಿ. ಡೇಟಾಬೇಸ್‌ನಲ್ಲಿ ಕೀ ಬದಲು ಅದರ ಹ್ಯಾಶ್ ಇಡಿ.

ಇಷ್ಟಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಬಸ್ಸಿನ ವೇಳಾಪಟ್ಟಿ ಕೊಡೋ ಎಪಿಐಗೆ ರೇಷನ್ ಕಾರ್ಡ್ ಸಾಕು. ಯಾರದೋ ಫೋನ್ ನಂಬರ್ ಕೊಡೋದಾದರೆ ಬೀಗವೇ ಬೇಕು. ಕಳೆದದ್ದು ರೇಷನ್ ಕಾರ್ಡ್ ಆದರೆ ಹೊಸದು ಮಾಡಿಸಬಹುದು, ಹೊರಗೆ ಹೋದ ಜನರ ಮಾಹಿತಿ ಮಾತ್ರ ವಾಪಸ್ ಬರಲ್ಲ. ಏನಂತೀರಿ? :)