ಸಂಜೆಯ ಆಕಾಶವೂ ತುಂಬಾದ ರಾಕೆಟ್ಟುಗಳೂ

ಜಮಖಂಡಿ, ಮುಧೋಳ, ಬೀಳಗಿ ಕಡೆಯ ಹಿರಿಯರಿಗೆ, ರಬಕವಿ-ಬನಹಟ್ಟಿಯ ಮಗ್ಗಗಳ ಪಕ್ಕದಲ್ಲಿ ರೇಡಿಯೊ ಇಟ್ಟುಕೊಂಡು ದುಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಹಗಲಿನಲ್ಲಿ ಧಾರವಾಡ ಆಕಾಶವಾಣಿ ಒಂದೇ ಸಮನೆ ಕೇಳುತ್ತಿತ್ತು. ಕತ್ತಲಾದ ಮೇಲೆ ಕಿರುತರಂಗದಲ್ಲಿ ಸಿಲೋನ್ ಹಚ್ಚಿದರೆ ಹಾಡು ಒಮ್ಮೆ ಹತ್ತಿರ ಬಂದು, ಒಮ್ಮೆ ದೂರ ಸರಿದು, ಕೆಲವೊಮ್ಮೆ ನಡುಗುತ್ತಿತ್ತು. ರೇಡಿಯೊ ಸರಿಯಾಗಿಯೇ ಇದ್ದರೂ ಹೀಗಾಗುತ್ತಿತ್ತು. ಇದಕ್ಕೆ ಕಾರಣ ಹಲವು. ಅವುಗಳಲ್ಲಿ ಒಂದನ್ನು ಹುಡುಕಿದ ಕಥೆ ನಮ್ಮ ದೇಶದ ಬಾಹ್ಯಾಕಾಶ ಇತಿಹಾಸದ ಮೊದಲ ಅಧ್ಯಾಯವೂ ಹೌದು.

ನೆಲದಿಂದ ಸುಮಾರು 60 ಕಿ.ಮೀ. ಮೇಲಿನಿಂದ ನೂರಾರು ಕಿ.ಮೀ. ವರೆಗೆ, ಬಿಸಿಲಿನ ಅತಿನೇರಳೆ ಕಿರಣಗಳು ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಈ ಪದರವೇ ಅಯಾನುಗೋಳ. ಹೀಗೆ ಬಿಡಿಬಿಡಿಯಾದ ಕಣಗಳ ರಾಶಿಗೆ ಪ್ಲಾಸ್ಮಾ ಎನ್ನುತ್ತಾರೆ. ದೂರದ ಕಿರುತರಂಗಗಳು ಈ ಪದರಕ್ಕೆ ತಾಗಿ ಕೆಳಗೆ ಬಾಗಿ ನಮ್ಮನ್ನು ಮುಟ್ಟುತ್ತವೆ. ಪದರ ನಯವಾಗಿದ್ದರೆ ಧ್ವನಿ ಸ್ಪಷ್ಟ. ಅದರಲ್ಲಿ ಏರುಪೇರು ಎದ್ದರೆ ಧ್ವನಿಯೂ ನಡುಗುತ್ತದೆ.

ಏರುಪೇರು ಏಳುವುದು ಬಹುಪಾಲು ಸೂರ್ಯ ಮುಳುಗಿದ ಮೇಲೆ. ಆಗ ಕೆಳಗಿನ ಪ್ಲಾಸ್ಮಾ ಬೇಗನೆ ಕರಗಿ ತೆಳುವಾಗುತ್ತದೆ, ಮೇಲಿನದು ದಟ್ಟವಾಗಿಯೇ ಉಳಿದು ಇನ್ನೂ ಮೇಲಕ್ಕೇರುತ್ತದೆ. ಕೊಡದ ತಳದಲ್ಲಿ ಎಣ್ಣೆ, ಅದರ ಮೇಲೆ ನೀರು ನಿಂತಿದೆ ಎಂದು ಊಹಿಸಿಕೊಳ್ಳಿ. ಎಣ್ಣೆ ಸುಮ್ಮನಿರದೆ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಆಕಾಶದಲ್ಲೂ ಹಾಗೆಯೇ ತೆಳು ಪ್ಲಾಸ್ಮಾದ ಗುಳ್ಳೆಗಳು ಏಳುತ್ತವೆ. ಅವು ಹುಟ್ಟುವುದು ಭೂಮಿಯ ಕಾಂತೀಯ ಸಮಭಾಜಕದ ಮೇಲೆ. ಅಲ್ಲಿಂದ ಕಾಂತರೇಖೆಗಳನ್ನು ಹಿಡಿದು ಉತ್ತರಕ್ಕೂ ದಕ್ಷಿಣಕ್ಕೂ ಚಾಚುತ್ತವೆ. ಎತ್ತರಕ್ಕೆ ಎದ್ದ ಗುಳ್ಳೆಯ ತುದಿ ನಮ್ಮ ಕೃಷ್ಣಾ, ಘಟಪ್ರಭಾ ತೀರದ ಆಕಾಶವನ್ನೂ ತಲುಪುತ್ತದೆ.

ಇದನ್ನು ಅಳೆಯುವುದು ಹೇಗೆ? ಬಲೂನು ಅಷ್ಟು ಮೇಲೇರದು. ಉಪಗ್ರಹ ನೂರು ಕಿ.ಮೀ. ಎತ್ತರದಲ್ಲಿ ಗಾಳಿಯ ತಡೆಗೆ ಸಿಕ್ಕು ಬಾಳದು. ಕೆಲವೇ ನಿಮಿಷ ಮೇಲೆ ಹೋಗಿ ಸಮುದ್ರಕ್ಕೆ ಬೀಳುವ ಸೌಂಡಿಂಗ್ ರಾಕೆಟ್ಟೇ ಬೇಕು. ಕಾಂತೀಯ ಸಮಭಾಜಕ ತಿರುವನಂತಪುರದ ಹತ್ತಿರದ ತುಂಬಾ ಎಂಬ ಮೀನುಗಾರರ ಹಳ್ಳಿಯ ಸಮೀಪ ಹಾದುಹೋಗುತ್ತಿತ್ತು. ಹೀಗಾಗಿ ವಿಕ್ರಮ್ ಸಾರಾಭಾಯಿ ಅದನ್ನೇ ಆರಿಸಿದರು. ಅಲ್ಲಿನ ಸಂತ ಮೇರಿ ಮ್ಯಾಗ್ಡಲಿನ್ ಚರ್ಚು ಮೊದಲ ಕಚೇರಿಯಾಯಿತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಜನರನ್ನು ಕೇಳಿ ಒಪ್ಪಿಸಿದರು. ಮೀನುಗಾರರು ಮನೆ ಬಿಟ್ಟು ಬೇರೆಡೆಗೆ ಹೋದರು. ಊರು ಬಿಡುವುದೆಂದರೇನು ಎಂಬುದನ್ನು ಮುಳುಗಡೆ ಕಂಡ ಬೀಳಗಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ವಿಜ್ಞಾನದ ಇತಿಹಾಸ ಬರೆಯುವಾಗ ಆ ಮನೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

1963ರ ನವೆಂಬರ್ 21ರ ಸಂಜೆ ಅಮೆರಿಕದಿಂದ ಬಂದ ನೈಕಿ-ಅಪಾಚೆ ರಾಕೆಟ್ ಅಲ್ಲಿಂದ ಹಾರಿತು. ಅದು ಬಿಟ್ಟ ಸೋಡಿಯಂ ಆವಿಯ ಮೋಡ ಸಂಜೆಯ ಬಾನಿನಲ್ಲಿ ಬಣ್ಣವಾಗಿ ಹರಡಿತು. ಮೋಡ ಸರಿದ ರೀತಿ ನೋಡಿ ಮೇಲಿನ ಗಾಳಿಯ ವೇಗ ಅಳೆದರು. ನಾಲ್ಕು ವರ್ಷಗಳ ನಂತರ, 1967ರ ನವೆಂಬರಿನಲ್ಲಿ, ನಮ್ಮದೇ ರೋಹಿಣಿ-75 ಹಾರಿತು. ಅದರ ಅಡ್ಡಳತೆ ಬರೀ 75 ಮಿಲಿಮೀಟರ್. 1968ರ ಫೆಬ್ರವರಿ 2ರಂದು ಇಂದಿರಾ ಗಾಂಧಿಯವರು ತುಂಬಾ ಕೇಂದ್ರವನ್ನು ವಿಶ್ವಸಂಸ್ಥೆಗೆ ಅರ್ಪಿಸಿದರು.

ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಸತ್ಯಪ್ರಕಾಶ್ ಮತ್ತು ಸಂಗಡಿಗರು ರಾಕೆಟ್ಟುಗಳಲ್ಲಿ ಲ್ಯಾಂಗ್‌ಮ್ಯೂರ್ ಪ್ರೋಬ್ ಎಂಬ ಉಪಕರಣ ಇಟ್ಟು ಕಳಿಸಿದರು. ಇದು ಸಣ್ಣ ವೋಲ್ಟೇಜು ಕೊಟ್ಟ ಲೋಹದ ತುಂಡು. ಅದಕ್ಕೆ ಹರಿದು ಬರುವ ವಿದ್ಯುತ್ತಿನಿಂದ ಸುತ್ತಲಿನ ಎಲೆಕ್ಟ್ರಾನುಗಳ ಸಾಂದ್ರತೆ ತಿಳಿಯುತ್ತದೆ. ಆ ವಿದ್ಯುತ್ತು ಎಲ್ಲಿ ನಡುಗಿತೋ ಅಲ್ಲಿ ಏರುಪೇರು ಇದೆ ಎಂದರ್ಥ. ನೂರು ಕಿ.ಮೀ. ಆಸುಪಾಸಿನ ಪದರದಲ್ಲಿ ಅವರು ಒಂದು ನಿಯಮ ಕಂಡರು: ಸಾಂದ್ರತೆ ಏರುವ ದಿಕ್ಕು ಮತ್ತು ವಿದ್ಯುತ್ ಕ್ಷೇತ್ರದ ದಿಕ್ಕು ಒಂದೇ ಆದಲ್ಲಿ ಏರುಪೇರು ಬೆಳೆಯುತ್ತದೆ. ರಾತ್ರಿ ಕ್ಷೇತ್ರ ತಿರುಗಿದಾಗ ಏರುಪೇರಿನ ಜಾಗವೂ ಬದಲಾಯಿತು. ಮುಂದೆ ಶ್ರೀಹರಿಕೋಟೆಯಿಂದ ದೊಡ್ಡ ರೋಹಿಣಿ ರಾಕೆಟ್ಟುಗಳು ಇನ್ನೂ ಮೇಲಿನ ಪದರಕ್ಕೆ ಹೋದವು.

ಸಿಲೋನ್ ಕೇಳುವ ಕಾಲ ಹೋಯಿತು, ಇದರಿಂದ ಈಗೇನು ಎಂದು ಕೇಳಬಹುದು. ಸಾಫ್ಟ್‌ವೇರ್ ಕೆಲಸದವನಾಗಿ ನಾನು ಕೊಡುವ ಉತ್ತರ ನಿಮ್ಮ ಜೇಬಿನಲ್ಲೇ ಇದೆ. ಮೊಬೈಲಿಗೆ ದಾರಿ ಹೇಳುವ ಉಪಗ್ರಹಗಳ ಸಂಕೇತ ಇದೇ ಅಯಾನುಗೋಳ ದಾಟಿ ಬರಬೇಕು. ಗುಳ್ಳೆ ಅಡ್ಡ ಬಂದರೆ ಅದು ಮಿನುಗುತ್ತದೆ, ಒಮ್ಮೊಮ್ಮೆ ಕಡಿದೇ ಹೋಗುತ್ತದೆ. ವಿಮಾನ ಇಳಿಸುವವರಿಗೆ ಇದು ಜೀವದ ಪ್ರಶ್ನೆ. ವಿಮಾನಗಳಿಗೆ ತಿದ್ದುಪಡಿ ಕಳಿಸುವ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ನಮ್ಮ ನಾವಿಕ್ ಉಪಗ್ರಹಗಳು ಬಳಸುವ ತರಂಗಗಳಲ್ಲಿ ಒಂದು, ಅಯಾನುಗೋಳದ ಕಾಟ ಕಡಿಮೆ ಇರುವ ಎಸ್ ಬ್ಯಾಂಡಿನದು.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ಶಾಲೆಯ ಮಕ್ಕಳಿಗೊಂದು ಮಾತು. ಗುಳ್ಳೆಗಳು ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ ಹೆಚ್ಚು ಎಂಬುದು ಗೊತ್ತಾಗಿದೆ. ಆದರೆ ಇಂದು ಸಂಜೆ ಏಳುತ್ತದೆಯೋ ಇಲ್ಲವೋ ಎಂದು ಬೆಳಿಗ್ಗೆಯೇ ಖಚಿತವಾಗಿ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರಿಗೂ ಇನ್ನೂ ಕೈಗೂಡಿಲ್ಲ. ಮಳೆಗಾಲದ ಮೋಡ ನೋಡಿ ಬಿತ್ತನೆಯ ದಿನ ಎಣಿಸಿದ ಮನೆತನಗಳ ಮಕ್ಕಳು ನೀವು. ಈ ಲೆಕ್ಕ ನಿಮಗಾಗಿ ಉಳಿದಿದೆ.